ಎತ್ತರಿಸಿದ ಜೀಪು, ನನ್ನ ಸೀಟು

ನಡೆದದ್ದು ಇಷ್ಟೇ: ನಾನು ಇನ್ನು ಜೀಪು ಹತ್ತುವವಳಲ್ಲ ಎಂದು ಮನೆಯವರೆಲ್ಲ ತೀರ್ಮಾನ ಮಾಡಿದರು, ಆಮೇಲೆ ಜೀಪನ್ನು ಎತ್ತರ ಮಾಡಿಸಿದರು. ಕಲ್ಲುಗುಡ್ಡ ಹತ್ತಿಸುವುದಕ್ಕೆ ಎಂದು ಮೊಮ್ಮಗಳು ಹೇಳುತ್ತಾಳೆ. ಅವಳ ಹುಚ್ಚು ಎಂದು ಮಗ ಹೇಳುತ್ತಾನೆ. ಸೊಸೆ ಏನೂ ಹೇಳುವುದಿಲ್ಲ, ಅವಳು ಜಾಣೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ನನ್ನನ್ನು ಲೆಕ್ಕದಿಂದ ಬಿಟ್ಟಿದ್ದಾರೆ ಎಂದು ತಿಳಿಯುವುದಕ್ಕೆ ಐದನೆಯದು ಬೇಕಾಗಿಲ್ಲ.

ಆ ಜೀಪಿನಲ್ಲಿ ನನಗೊಂದು ಕೆಲಸವಿತ್ತು. ಪ್ರತಿ ಶನಿವಾರ ಬೆಳಿಗ್ಗೆ ಕಡುಬು ಬೇಯಿಸಿ, ಕಾಯಿಚಟ್ನಿ ಅರೆದು, ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿ ನೋಯ್ಡಾದಿಂದ ಮುಖರ್ಜಿ ನಗರಕ್ಕೆ ಹೋಗುತ್ತಿದ್ದೆ. ಅಲ್ಲಿ ಸರ್ಕಾರಿ ಕೆಲಸದ ಪರೀಕ್ಷೆಗೆ ಓದಲು ಬಂದಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿದ್ದಾರೆ. ಮೆಸ್ಸಿನ ರಾಜ್ಮಾ ತಿಂದು ತಿಂದು ಮುಖ ಬಿಳಿಚಿಕೊಂಡಿರುತ್ತವೆ. ಜೀಪಿನ ಹಿಂಬಾಗಿಲು ತೆಗೆದು ಅಲ್ಲೇ ಬಡಿಸುತ್ತಿದ್ದೆ. ರಸ್ತೆಯಲ್ಲಿ ನಿಂತು ತಿನ್ನುತ್ತಿದ್ದರು. ಓಡಿಸುವವಳು ಮೊಮ್ಮಗಳು. ಮುಂದಿನ ಎಡಗಡೆ ಸೀಟು ನನ್ನದು, ಡಬ್ಬಿ ನನ್ನ ತೊಡೆಯ ಮೇಲೆ. ವಾರದಲ್ಲಿ ನಾನು ಮನೆ ಬಿಟ್ಟು ಹೊರಡುತ್ತಿದ್ದದ್ದು ಅದೊಂದು ದಿನ.

ಮಳೆಗಾಲದಲ್ಲಿ ಬಚ್ಚಲಿನಲ್ಲಿ ಜಾರಿ ಬಿದ್ದು ಎಡಮಂಡಿ ಕೆಡಿಸಿಕೊಂಡೆ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು, ಹಗಲು ನೋಡಿಕೊಳ್ಳಲು ಯಾರೂ ಇಲ್ಲ ಎಂದು ಲಕ್ಷ್ಮೀ ನಗರದಲ್ಲಿರುವ ಮಗಳ ಮನೆಗೆ ಕಳಿಸಿದರು. ನಡೆಯುವಂತಾದ ಮೇಲೆ ಟ್ಯಾಕ್ಸಿಯಲ್ಲಿ ವಾಪಸ್ಸು ಬಂದೆ. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಒಂದು ಭೂತ ನಿಂತಿತ್ತು. ಟೈರುಗಳು ಹಲಸಿನಕಾಯಿಯ ಹಾಗೆ ಗಂಟುಗಂಟು. ಸೀಟು ನನ್ನ ಎದೆಮಟ್ಟಕ್ಕಿದೆ.

"ಸರ್‌ಪ್ರೈಸ್, ಅಜ್ಜಿ!" ಎಂದಳು ಮೊಮ್ಮಗಳು. "ಲಿಫ್ಟ್ ಕಿಟ್ ಹಾಕಿಸಿದೆ. ಸ್ಪ್ರಿಂಗ್ ಎಲ್ಲಾ ಉದ್ದದ್ದು. ಟೈರ್ ಭೀ ಬಡಾ. ಈಗ ಅರಾವಳಿ ಕಲ್ಲಿನ ಮೇಲೆ ಸೀದಾ ಹತ್ತುತ್ತೆ, ತಳ ತಾಗಲ್ಲ."

"ಜೀಪು ಹತ್ತುತ್ತೆ. ನಾನು ಹೆಂಗೆ ಹತ್ತಲಿ?"

ಅವಳು ಟೈರು ನೋಡಿದಳು, ನನ್ನ ಮಂಡಿ ನೋಡಿದಳು. ಕೆಟ್ಟ ಹುಡುಗಿಯಲ್ಲ. ನೆನಪೇ ಆಗಿರಲಿಲ್ಲ ಅವಳಿಗೆ. ಬೇಕೆಂದು ಮಾಡಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಜೀಪು ಹೊರಗೆ ನಿಂತದ್ದಕ್ಕೂ ಕಾರಣವಿದೆ. ನನ್ನ ಮಗ ಈ ಸೊಸೈಟಿಯ ಸೆಕ್ರೆಟರಿ. ಎತ್ತರದ ಗಾಡಿಗಳು ಬೇಸ್‌ಮೆಂಟಿಗೆ ಇಳಿದು ಮೇಲಿನ ಪೈಪು ಒಡೆಯುತ್ತವೆ ಎಂದು ಇಳಿಜಾರಿನ ಬಾಯಿಗೆ ಕಬ್ಬಿಣದ ಅಡ್ಡಪಟ್ಟಿ ಹಾಕಿಸಿದವನು ಅವನೇ. ಅಪ್ಪ ಮಗಳು ಇಬ್ಬರೂ ಇಂಜಿನಿಯರುಗಳು. ಟೇಪು ಹಿಡಿದು ಜೀಪಿನ ಎತ್ತರ ಅಳೆದಿದ್ದಾರೆ, ಪಟ್ಟಿಯ ಕೆಳಗೆ ಹೋಗುತ್ತದೆ ಎಂದು ಖುಷಿಪಟ್ಟಿದ್ದಾರೆ. ಅಳೆದದ್ದು ಸ್ಪ್ರಿಂಗು ಹಾಕಿದ ಮೇಲೆ, ಟೈರು ಹಾಕುವ ಮೊದಲು. ಮಗನೇ ಹಾಕಿಸಿದ ಪಟ್ಟಿಗೆ ಅವನ ಮಗಳ ಜೀಪಿನ ನೆತ್ತಿ ಬಡಿಯಿತು. ಇಡೀ ಬ್ಲಾಕು ನಕ್ಕಿತು. ನಾನು ಇದ್ದಿದ್ದರೆ ಇನ್ನೂ ಗಟ್ಟಿಯಾಗಿ ನಗುತ್ತಿದ್ದೆ.

ಆ ವಾರವೇ ಮಗ ಹೊಸ ಏರ್ಪಾಟು ಹೇಳಿದ. "ಅವ್ವ, ನೀನು ಕಡುಬು ಮಾಡಿ ಕೊಡು ಸಾಕು. ಡೆಲಿವರಿಯವನು ಬಂದು ತಗೊಂಡು ಹೋಗ್ತಾನೆ. ಮನೇಲಿ ಆರಾಮಾಗಿರು."

ಆರಾಮಾಗಿರು ಎನ್ನುವ ಮಾತು ನನಗೆ ಗೊತ್ತು. ಮುದುಕರನ್ನು ಮೂಲೆಗೆ ಸರಿಸುವಾಗ ಎಲ್ಲರೂ ಅದನ್ನೇ ಹೇಳುವುದು. ಮಂಡಿ ಇನ್ನೂ ಊದಿತ್ತು. ಒಂದೆರಡು ಶನಿವಾರ ಅವನು ಹೇಳಿದ ಹಾಗೇ ಮಾಡಿದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಸಿ ಕಡುಬು ತುಂಬಿಸಿ ಕಳಿಸಿದ್ದು ಬೆವೆತು, ಅಂಟಿಕೊಂಡು, ಒಂದೇ ಮುದ್ದೆಯಾಗಿ ತಲುಪಿರಬೇಕು. ಮಕ್ಕಳು ಫೋನಿನಲ್ಲಿ "ಚೆನ್ನಾಗಿತ್ತು ಅಜ್ಜಿ" ಎಂದರು. ಸುಳ್ಳು ಹೇಳುವಾಗ ಎಲ್ಲರ ದನಿಯೂ ಒಂದೇ.

ಅಷ್ಟರಲ್ಲಿ ಆಯುಧಪೂಜೆ ಬಂತು. ಜೀಪು ಬಂದ ವರ್ಷದಿಂದ ನಮ್ಮಲ್ಲಿ ಒಂದು ಪದ್ಧತಿ. ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಟೈರುಗಳ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಗಾಡಿ ಅದನ್ನು ಮೆಟ್ಟಿ ಹೊರಡುವಾಗ ಮನೆಯ ಹಿರಿಯರು ಮುಂದೆ ಕೂತಿರಬೇಕು. ನಮ್ಮ ಮನೆಯವರು ಹೋದ ಮೇಲೆ ಹಿರಿಯಳು ನಾನೇ.

ಬೂದುಗುಂಬಳ ತರಲು ಮಾರ್ಕೆಟ್ಟಿಗೆ ನಾನೇ ಹೋದೆ. ತರಕಾರಿ ಭಯ್ಯಾ ಕೇಳಿದ, "ಅಮ್ಮಾಜಿ, ಪೇಠಾ ಮಿಠಾಯಿ ಬನಾವೋಗಿ?" "ನಹೀ ಭಯ್ಯಾ, ಫೋಡೂಂಗಿ", ಒಡೆಯುತ್ತೇನೆ ಎಂದೆ. ನನ್ನ ಮುಖ ನೋಡಿ ಅವನು ಬೇಗಬೇಗ ತೂಗಿ ಕೊಟ್ಟ.

ಪೂಜೆಗೆ ನಿಂತರೆ ಬಾನೆಟ್ಟಿನ ನಡುವಿಗೆ ಕೈ ಎಟುಕುತ್ತಿಲ್ಲ. ಕುಂಕುಮವನ್ನು ಟೈರಿಗೇ ಹಚ್ಚಿದೆ. ಆರತಿ ಮುಗಿದು, ಕುಂಬಳ ಒಡೆದು, ನಾನು ಬಾಗಿಲಿನ ಕಡೆ ಹೆಜ್ಜೆ ಇಟ್ಟೆ. ಮಗ ಅಡ್ಡ ಬಂದ.

"ಅವ್ವ, ನೀನು ಇಲ್ಲೇ ನಿಂತ್ಕೋ. ಈ ಸಲ ನಾನು ಕೂತ್ಕೋತೀನಿ."

"ನನ್ನ ಸೀಟಲ್ಲಿ?"

"ಸೀಟು ಯಾರದ್ದಾದ್ರೇನು?"

"ಹಂಗಂದ್ರೆ ನೀನು ಹಿಂದೆ ಕೂತ್ಕೋ."

ಸೊಸೆ ಮುಖ ತಿರುಗಿಸಿ ನಕ್ಕಳು. ಮಗ ಕೇಳದವನಂತೆ ಕಾಲೆತ್ತಿದ. ಮೊದಲ ಸಲ ಜಾರಿದ. ಮತ್ತೆ ಹಾರಿದಾಗ ಹಾರಕ್ಕೆ ಕೈ ಸಿಕ್ಕಿ ಅರ್ಧ ಹೂವು ಅವನ ತಲೆಯ ಮೇಲೇ ಉದುರಿತು. ಅಂತೂ ಕೂತ. ಜೀಪು ಹೊರಟಿತು. ನಾನು ಆರತಿ ತಟ್ಟೆ ಹಿಡಿದು, ಬೀದಿಯಲ್ಲಿ ಮೆರವಣಿಗೆ ನೋಡಲು ಬಂದವಳ ಹಾಗೆ ಗೇಟಿನ ಹತ್ತಿರ ನಿಂತಿದ್ದೆ. ಅಷ್ಟು ದೊಡ್ಡ ಟೈರಿನ ಕೆಳಗೆ ನಿಂಬೆಹಣ್ಣು ಚಿಟ್ ಎಂದೂ ಅನ್ನಲಿಲ್ಲ.

ಊಟಕ್ಕೆ ಕೂತಾಗ ಹೇಳಿದೆ. "ನಾಳೆ ವಿಜಯದಶಮಿ. ಶನಿವಾರ ಬೇರೆ. ಮುಖರ್ಜಿ ನಗರಕ್ಕೆ ನಾನೇ ಹೋಗ್ತೀನಿ."

"ಹತ್ತುವಾಗ ಬಿದ್ರೆ?" ಎಂದ ಮಗ.

"ಬಚ್ಚಲಲ್ಲೂ ಬಿದ್ದೆ. ಬಚ್ಚಲಿಗೆ ಹೋಗಬೇಡ ಅಂದ್ಯಾ?"

"ಅಜ್ಜಿ, ಪ್ಲೀಸ್ ಯಾರ್," ಎಂದಳು ಮೊಮ್ಮಗಳು. "ಹತ್ತೋಕೆ ಫುಟ್‌ಸ್ಟೆಪ್ ಆರ್ಡರ್ ಮಾಡಿದೀನಿ. ಹಬ್ಬ ಅಲ್ವಾ, ಲೇಟಾಗಿ ಬರುತ್ತೆ. ಅಲ್ಲೀವರೆಗೆ ಡೆಲಿವರಿ ಭಯ್ಯಾ ಲೇ ಜಾಯೇಗಾ ನಾ."

"ಕಡುಬು ಒಯ್ತಾನೆ. ಮಕ್ಕಳು ತಿಂದ್ರೋ ಎಸೆದ್ರೋ ಯಾರು ನೋಡ್ತಾರೆ? ಹಬ್ಬದ ದಿನ ಮೆಸ್ಸೂ ಬಾಗಿಲು ಹಾಕಿರುತ್ತೆ. ಅವನು ನಿಂತು ಬಡಿಸ್ತಾನಾ?"

"ಅವ್ವ, ನಿನ್ನ ವಯಸ್ಸು ನೋಡ್ಕೋ," ಎಂದು ಮಗ ದನಿ ಏರಿಸಿದ.

"ನೋಡ್ಕೊಂಡಿದೀನಿ. ನಿನ್ನನ್ನ ಸೊಂಟದಲ್ಲಿ ಇಟ್ಕೊಂಡು ಮಿಲಿಟರಿ ಲಾರಿ ಹತ್ತಿದವಳು ನಾನು. ಆವತ್ತು ನೀನು ಬಾಯಿ ಮುಚ್ಚಿಕೊಂಡಿದ್ದೆ. ಇವತ್ತೂ ಮುಚ್ಚು."

ಇದು ಬರೀ ಜಂಬದ ಮಾತಲ್ಲ. ನಮ್ಮ ಮನೆಯವರು ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದರು. ಕ್ವಾರ್ಟರ್ಸಿನ ಹೆಂಗಸರನ್ನು ಆಸ್ಪತ್ರೆಗೂ ಮಾರ್ಕೆಟ್ಟಿಗೂ ಕರೆದೊಯ್ಯಲು ಅದೇ ಲಾರಿ ಬರುತ್ತಿತ್ತು. ಹಿಂದಿನ ಹಲಗೆ ಇಳಿಸಿದರೂ ಎದೆಮಟ್ಟ. ಮೇಲಿನಿಂದ ಗಂಟು ಹಾಕಿದ ಹಗ್ಗ ಇಳಿಬಿಟ್ಟಿರುತ್ತಿದ್ದರು. ಸೀರೆಯನ್ನು ಎತ್ತಿ ಸಿಕ್ಕಿಸಿ, ಗಂಟು ಹಿಡಿದು, ಕೆಳಗಿನ ಕಬ್ಬಿಣದ ಮೆಟ್ಟಿನಲ್ಲಿ ಕಾಲಿಟ್ಟು ಏರುತ್ತಿದ್ದೆವು. ಬಸುರಿಯರೂ ಏರುತ್ತಿದ್ದರು. ನಮ್ಮವರು ಕಲಿಸಿದ್ದು ಒಂದೇ ಪಾಠ: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು, ಹಗ್ಗ ಮಾತ್ರ ಬಿಡಬಾರದು. ನನ್ನ ಬಲಗಾಲು ಗಟ್ಟಿಯಾಗಿಯೇ ಇತ್ತು. ಕೈಗಳು ದಿನಾ ಹಿಟ್ಟು ನಾದುವ ಕೈಗಳು.

ಊಟದ ತಟ್ಟೆ ತೆಗೆದವಳೇ ಒಂದು ಹಳೆಯ ನೂಲಿನ ಸೀರೆಯನ್ನು ಉದ್ದಕ್ಕೆ ಸೀಳಿ, ಜಡೆ ಹೆಣೆದು, ನಡುನಡುವೆ ಗಂಟು ಹಾಕಿದೆ. ಸೊಸೆ ನೋಡಿದಳು. ಒಂದು ತುದಿ ಹಿಡಿದು ಕೂತಳು, ನಾನು ಬಿಗಿಯಾಗಿ ಎಳೆದೆ.

ಮರುದಿನ ಬೆಳಕು ಹರಿದಾಗ ಕಡುಬು ಬೆಂದಿತ್ತು. ಮೊಳೆಗೆ ನೇತುಹಾಕಿದ್ದ ಜೀಪಿನ ಕೀಲಿ ತೆಗೆದುಕೊಂಡು, ಡಬ್ಬಿ ಎತ್ತಿಕೊಂಡು ಕೆಳಗಿಳಿದೆ. ಹಾಲಿನ ಬೂತಿನವನಿಂದ ಖಾಲಿ ಕ್ರೇಟು ಕೇಳಿ ತಂದು ಬಾಗಿಲ ಕೆಳಗೆ ಬೋರಲು ಹಾಕಿದೆ. ಅದರ ಮೇಲೆ ನಿಂತು ಒಳಗಿನ ಹಿಡಿಗೆ ಹಗ್ಗ ಕಟ್ಟಿದೆ. ನಾನು ಬೀಳುತ್ತೇನೆಂದು ಹೆದರಿ ಗೇಟಿನ ಗಾರ್ಡ್ ಓಡಿ ಬಂದ.

"ಅಮ್ಮಾಜಿ, ಗಿರ್ ಜಾವೋಗಿ!"

"ಭಯ್ಯಾ, ಮುಝೇ ಮತ್ ಪಕಡೋ. ಡಬ್ಬಾ ಪಕಡೋ."

ಅವನು ನನ್ನನ್ನು ಬಿಟ್ಟು ಡಬ್ಬಿ ಹಿಡಿದುಕೊಂಡ. ನಾನು ಸೆರಗು ಸಿಕ್ಕಿಸಿದೆ, ಮೇಲಿನ ಗಂಟು ಹಿಡಿದೆ, ಬಲಗಾಲು ಒಳಗಿಟ್ಟೆ. ಎಳೆದುಕೊಂಡಾಗ ಮಂಡಿ ಕಿರುಚಿತು. ಕಿರುಚಲಿ ಎಂದು ಬಿಟ್ಟೆ. ಅರ್ಧಕ್ಕೆ ನಿಂತು ಉಸಿರು ತೆಗೆದುಕೊಂಡು ಮತ್ತೆ ಎಳೆದೆ. ಸೀಟು ಸಿಕ್ಕಿತು.

ಅಲ್ಲಿಂದ ನೋಡಿದರೆ ಗೇಟಿನ ಮುಂದಿನ ರಸ್ತೆ ಪೂರ್ತಿ ಕಾಣುತ್ತದೆ. ಯಾರೋ ಟೆಂಪೋದಲ್ಲಿ ಮಲಗಿಸಿದ ರಾವಣನನ್ನು ಮೈದಾನಕ್ಕೆ ಒಯ್ಯುತ್ತಿದ್ದರು, ಅವನ ಮೀಸೆ ಹೊರಗೆ ಚಾಚಿತ್ತು. ಎತ್ತರ ಮಾಡಿಸಿದ್ದು ಒಳ್ಳೆಯದೇ ಆಯಿತು. ಇದನ್ನು ಮೊಮ್ಮಗಳಿಗೆ ನಾನು ಇವತ್ತಿನವರೆಗೂ ಹೇಳಿಲ್ಲ.

ಗಾರ್ಡ್ ಡಬ್ಬಿಯನ್ನು ಮೇಲೆ ಕೊಟ್ಟ. ತೊಡೆಯ ಮೇಲೆ ಇಟ್ಟುಕೊಂಡೆ. ಬಾಲ್ಕನಿಯಲ್ಲಿ ಮಗ ಬನಿಯನ್ನಿನಲ್ಲಿ ಬಂದು ನಿಂತು ಕೆಳಗೆ ನೋಡಿದ, ತಲೆಯ ಮೇಲೆ ಕೈ ಇಟ್ಟುಕೊಂಡ. ನಾನು ಬಲಕ್ಕೆ ಬಾಗಿ ಹಾರ್ನಿನ ಮೇಲೆ ಕೈ ಒತ್ತಿದೆ. ಮೊಮ್ಮಗಳು ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಚಪ್ಪಲಿ ಹಾಕಿಕೊಂಡು ಓಡಿ ಬರುವವರೆಗೂ ತೆಗೆಯಲಿಲ್ಲ.