ಯಾವ ಪೆಟ್ಟಿಗೆಗೆ ಸದ್ದಿಲ್ಲ

ಜನರಿಗೆ ಕಿವಿ ಎಷ್ಟು ಕೇಳಿಸುತ್ತದೆ ಎಂದು ಪರೀಕ್ಷೆ ಮಾಡಿ ಹೇಳುವುದು ನನ್ನ ಕೆಲಸ. ಹೊಸಪೇಟೆಯಲ್ಲಿ ಎರಡು ಕೋಣೆಯ ಕ್ಲಿನಿಕ್ ಇಟ್ಟಿದ್ದೇನೆ. ತಿಂಗಳಿಗೆ ಎರಡು ಸಲ ಯಂತ್ರ ಕಟ್ಟಿಕೊಂಡು ವಡ್ಡು, ಪಾಪಿನಾಯಕನಹಳ್ಳಿ, ಕಂಪ್ಲಿ ಕಡೆಯ ಶಿಬಿರಗಳಿಗೆ ಹೋಗುತ್ತೇನೆ. ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಏನೋ ನನ್ನ ಕೈಲಾದಷ್ಟು ಎಂದು ತಲೆ ತಗ್ಗಿಸಿ ಹೇಳುವ ಅಭ್ಯಾಸ ನನಗಿಲ್ಲ. ಬಂದವರು ಬಾಗಿಲು ದಾಟಿ ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಯಾವ ಕಿವಿ ಮಂದ ಎಂದು ಅಂದಾಜು ಮಾಡಿರುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಯಂತ್ರವೂ ಅದನ್ನೇ ಹೇಳುತ್ತದೆ.

ಈ ಪರೀಕ್ಷೆಗೆ ಮುಖ್ಯವಾಗಿ ಬೇಕಾದದ್ದು ನಿಶ್ಶಬ್ದ. ಹೆಡ್‌ಫೋನಿನಲ್ಲಿ ಸಣ್ಣಗೆ, ಇನ್ನೂ ಸಣ್ಣಗೆ ದನಿ ಬಿಡುತ್ತ ಹೋಗುತ್ತೇನೆ. ಕೇಳಿಸಿದಾಗಲೆಲ್ಲ ಅವರು ಕೈಯಲ್ಲಿರುವ ಗುಂಡಿ ಒತ್ತಬೇಕು. ಪಕ್ಕದಲ್ಲಿ ಏನಾದರೂ ಗುಂಯ್‌ಗುಡುತ್ತಿದ್ದರೆ ಒಳ್ಳೆಯ ಕಿವಿಯೂ ಕಾಗದದ ಮೇಲೆ ಕೆಟ್ಟ ಕಿವಿಯಾಗುತ್ತದೆ. ಕಾರ್ಖಾನೆಗಳಲ್ಲಿ ದುಡಿಯುವವರಿಗೆ ನಾನು ಬರೆದುಕೊಡುವ ಆ ಕಾಗದದ ಮೇಲೆ ಕೆಲಸವೇ ನಿಂತಿರುತ್ತದೆ.

ವಡ್ಡುವಿನಲ್ಲಿ ನಾನೇ ಅಂಥ ತಪ್ಪು ಮಾಡಿದೆ. ಶಾಲೆಯ ಕೋಣೆಯಲ್ಲಿ ಶಿಬಿರ ನಡೆದಿತ್ತು. ಹನ್ನೊಂದರ ಹೊತ್ತಿಗೆ ಕರೆಂಟು ಹೋಯಿತು. ಹಿಂದಿನ ಗೋಡೆಯಾಚೆ ಜನರೇಟರ್ ಹಚ್ಚಿದರು. ನಿಲ್ಲಿಸಬೇಕಾಗಿತ್ತು, ಆದರೆ ಸಾಲು ಉದ್ದವಿತ್ತು, ನಿಲ್ಲಿಸಲಿಲ್ಲ. ಕ್ರೇನ್ ಓಡಿಸುವ ಒಬ್ಬನಿಗೆ ಎರಡೂ ಕಿವಿ ಮಂದ ಎಂದು ಬರೆದುಕೊಟ್ಟೆ. ಅವನನ್ನು ಕ್ರೇನಿನಿಂದ ಇಳಿಸಿ ಗೇಟಿನಲ್ಲಿ ಕೂರಿಸಿದರು. ಎರಡು ವಾರ ಕಳೆದು ಅವನು ಹೊಸಪೇಟೆಗೆ ಬಂದು ಮತ್ತೆ ಪರೀಕ್ಷೆ ಮಾಡಿಸಿಕೊಂಡ. ಕಿವಿ ನೆಟ್ಟಗೇ ಇದ್ದವು. ಬೇರೆ ಕಾಗದ ಬರೆದುಕೊಟ್ಟು ಕೈಮುಗಿದೆ.

"ಇರ್ಲಿ ಬಿಡ್ರಿ ಮೇಡಂ," ಎಂದ.

ಅದು ಇರಲಿ ಬಿಡಿ ಎನ್ನುವಂಥ ತಪ್ಪಾಗಿರಲಿಲ್ಲ. ಇನ್ನು ಮುಂದೆ ಜನರೇಟರ್ ಸದ್ದಿನಲ್ಲಿ ಯಾರ ಕಿವಿಯನ್ನೂ ಅಳೆಯುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದೆ.

ಹಾಗಾಗಿ ಪವರ್ ಸ್ಟೇಷನ್ ಎಂದು ಮಾರುವ ಆ ಬ್ಯಾಟರಿ ಪೆಟ್ಟಿಗೆ ಕೊಳ್ಳಲು ಹೊರಟೆ. ಮನೆಯಲ್ಲಿ ಚಾರ್ಜ್ ಮಾಡಿಕೊಂಡು ಒಯ್ದರೆ ಎಲ್ಲಿ ಬೇಕಾದರೂ ಪ್ಲಗ್ ಹಾಕಿ ಯಂತ್ರ ನಡೆಸಬಹುದು. ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಎರಡು ಅಳತೆಯವು ಇದ್ದವು. ಸಣ್ಣದು ನಾಲ್ಕು ಕೆಜಿಯ ಒಳಗೆ. ಟಿಫಿನ್ ಕ್ಯಾರಿಯರ್ ಹಿಡಿದಂತೆ ಒಂದು ಕೈಯಲ್ಲಿ ಹಿಡಿದು ಬಸ್ ಹತ್ತಬಹುದು. ನನ್ನ ಯಂತ್ರ, ಲ್ಯಾಪ್‌ಟಾಪ್, ಪುಟ್ಟ ಪ್ರಿಂಟರ್ ಇಷ್ಟಕ್ಕೆ ಶಿಬಿರ ಮುಗಿಯುವ ತನಕ ಸಾಲುತ್ತದೆ. ದೊಡ್ಡದು ಅದರ ಮೂರು ಪಟ್ಟು ಭಾರ. ಅದರಲ್ಲಿ ಮಿಕ್ಸಿಯೂ ತಿರುಗುತ್ತದೆ ಎಂದು ಅಂಗಡಿಯವರು ತೋರಿಸಿದರು. ಶಿಬಿರದಲ್ಲಿ ನಾನು ಚಟ್ನಿ ರುಬ್ಬುವುದಿಲ್ಲ ಎಂದೆ.

ಕೇಳಿದವರೆಲ್ಲ ದೊಡ್ಡದನ್ನೇ ತಗೋ ಎಂದರು. ನಮ್ಮಲ್ಲಿ ಸಲಹೆ ಎಂದರೆ ಅಷ್ಟೇ. ಮಗುವಿಗೆ ಶಾಲೆಯ ಅಂಗಿಯನ್ನು ಒಂದು ಅಳತೆ ಹೆಚ್ಚಿಗೆ ಹೊಲಿಸುತ್ತೇವೆ, ನಾಲ್ಕು ಜನರ ಮನೆಗೆ ಹತ್ತು ಜನರ ಕುಕ್ಕರ್ ತರುತ್ತೇವೆ, ಯಾವತ್ತೂ ಬಾರದ ನೆಂಟರಿಗೆಂದು ದೊಡ್ಡ ಹಾಲ್ ಕಟ್ಟಿಸುತ್ತೇವೆ. ಶಿಬಿರಗಳಿಗೆ ನನ್ನ ಜೊತೆ ಬರುವ ಕಿವಿ-ಮೂಗು-ಗಂಟಲಿನ ವೈದ್ಯರಿಗಂತೂ ನನಗಿಂತ ಹೆಚ್ಚು ಉತ್ಸಾಹ.

"ದೊಡ್ಡದ ತಗೊಳ್ರಿ ಮೇಡಂ. ಕಿವಿ ಗುಗ್ಗೆ ತೆಗಿಯೋ ನನ್ನ ಮಷೀನೂ ಅದರಾಗ ನಡೀತೈತಿ," ಎಂದರು.

"ನಿಮ್ಮ ಮಷೀನಿಗೆ ನೀವ ಒಂದು ತಗೊಳ್ರಿ ಡಾಕ್ಟ್ರೇ," ಎಂದೆ.

ನನಗಿದ್ದದ್ದು ಒಂದೇ ಪ್ರಶ್ನೆ: ಎರಡರಲ್ಲಿ ಯಾವುದು ಸದ್ದು ಮಾಡುವುದಿಲ್ಲ? ಅಂಗಡಿಯವರಿಗೆ ಈ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. "ಇದೇನು ಜನರೇಟರ್ ಏನ್ರಿ ಮೇಡಂ, ಬ್ಯಾಟರಿ ಸದ್ದು ಮಾಡಂಗಿಲ್ಲ," ಎಂದರು. ಒಳಗೆ ತಂಪು ಮಾಡಲು ಸಣ್ಣ ಫ್ಯಾನ್ ಇರುತ್ತದೆ, ಅದು ತಿರುಗಿದರೆ ಸದ್ದು ಬರಲೇಬೇಕು ಎಂದೆ. ಇಬ್ಬರೂ ಬಗ್ಗಿ ಕಿವಿಯಿಟ್ಟು ಕೇಳಿದೆವು. ಹೊರಗೆ ಆಟೋಗಳ ಹಾರ್ನ್, ಪಕ್ಕದಲ್ಲಿ ಕಬ್ಬಿನ ಹಾಲಿನ ಯಂತ್ರ. ಅಲ್ಲಿ ಏನು ಕೇಳಿಸಬೇಕು? ಕೊನೆಗೆ ಅವರೇ, "ಎರಡೂ ಮನಿಗೆ ಒಯ್ರಿ, ಭಾನುವಾರ ನೋಡ್ರಿ, ಸೋಮವಾರ ಬ್ಯಾಡಾದದ್ದು ವಾಪಸ್ ಕೊಡ್ರಿ. ಸಾಹುಕಾರ್ರು ನಮಗ ಬೇಕಾದೋರು," ಎಂದರು. ಸಾಹುಕಾರರು ಎಂದರೆ ನನ್ನ ಗಂಡ.

ನಮ್ಮ ಮನೆಯವರದು ಕಂಪ್ಲಿ ರಸ್ತೆಯಲ್ಲಿ ಅಕ್ಕಿ ಮಿಲ್ಲು. ಅವರ ಕಿವಿ ಆ ಕಡೆಗೆಲ್ಲ ಹೆಸರುವಾಸಿ. ಮಿಲ್ಲಿನ ಗೇಟಿನಲ್ಲಿ ನಿಂತು ಕಣ್ಣು ಮುಚ್ಚಿ, ಒಳಗೆ ಯಾವ ಬೇರಿಂಗ್ ಹೋಗುತ್ತಿದೆ, ಯಾವ ಬೆಲ್ಟು ಜಾರುತ್ತಿದೆ ಎಂದು ಹೇಳುತ್ತಿದ್ದರು. ಬೇರೆ ಮಿಲ್ಲಿನವರು ಫೋನ್ ಮಾಡಿ ಮೋಟರಿನ ಸದ್ದು ಕೇಳಿಸಿ, "ಏನಾಗೈತ್ರಿ ಇದಕ್ಕ?" ಎಂದು ವಿಚಾರಿಸುತ್ತಿದ್ದ ಕಾಲವಿತ್ತು. ನನ್ನ ಯಂತ್ರಕ್ಕಿಂತ ನಮ್ಮ ಮನೆಯವರ ಕಿವಿ ಮೇಲು ಎಂದು ನಾನೇ ಕಂಡಕಂಡವರ ಮುಂದೆ ಜಂಬ ಕೊಚ್ಚಿದ್ದೇನೆ. ಮನೆಯಲ್ಲಿ ಮಾತ್ರ ಮೂರು ಸಲ ಕರೆದರೂ ತಿರುಗಿ ನೋಡುತ್ತಿರಲಿಲ್ಲ. ಟೀವಿಯ ಸುದ್ದಿ ಬೀದಿಗೆಲ್ಲ ಕೇಳಬೇಕು. ಉಪ್ಪು ಕೇಳಿದರೆ ಚಾರ್ಜರ್ ತಂದುಕೊಡುತ್ತಿದ್ದರು. ಅದನ್ನೆಲ್ಲ ನಾನು ಗಂಡಸರ ಲಕ್ಷಣ ಎಂದು ಬಗೆದಿದ್ದೆ. ನಮ್ಮ ಓಣಿಯ ಹೆಂಗಸರದೆಲ್ಲ ಅದೇ ದೂರು. ಎಲ್ಲರ ಜೊತೆ ಸೇರಿ ನಾನೂ ನಗುತ್ತಿದ್ದೆ.

ಭಾನುವಾರ ತಿಂಡಿ ಮುಗಿದ ಮೇಲೆ ಊಟದ ಮೇಜಿನ ಮೇಲೆ ಎರಡೂ ಪೆಟ್ಟಿಗೆ ಇಟ್ಟೆ. ಕಿಟಕಿ ಮುಚ್ಚಿದೆ, ಫ್ಯಾನ್ ನಿಲ್ಲಿಸಿದೆ, ಫ್ರಿಜ್‌ನ ಪ್ಲಗ್ ಕೂಡ ಕಿತ್ತೆ. ನನ್ನ ಯಂತ್ರವನ್ನೂ ಲ್ಯಾಪ್‌ಟಾಪನ್ನೂ ಮೊದಲು ಸಣ್ಣದಕ್ಕೆ ಹಚ್ಚಿದೆ. ಉಸಿರೂ ಇಲ್ಲ. ಆಮೇಲೆ ದೊಡ್ಡದಕ್ಕೆ ಹಚ್ಚಿದೆ. ಗುಂಡಿ ಒತ್ತಿದ ಕೂಡಲೇ ಅದರ ಫ್ಯಾನ್ ಸೊಂಯ್ ಎಂದು ಸುರುವಾಯಿತು. ನನ್ನ ಮಟ್ಟಿಗೆ ವಿಚಾರ ಅಲ್ಲಿಗೇ ಮುಗಿದಿತ್ತು. ಆದರೂ ಶಿಬಿರದಲ್ಲಿ ರೋಗಿ ಕೂರುವಷ್ಟು ದೂರದಿಂದ ಇನ್ನೊಬ್ಬರು ಕೇಳಿ ಹೇಳಿದರೆ ಒಳ್ಳೆಯದು ಎನಿಸಿತು. ಊರಿಗೇ ಹೆಸರಾದ ಕಿವಿ ಮನೆಯಲ್ಲೇ ಇರುವಾಗ ಬೇರೆ ಯಾರನ್ನು ಹುಡುಕಲಿ? ಪೇಪರ್ ಓದುತ್ತಿದ್ದವರನ್ನು ಕರೆದು ಮೂರು ಹೆಜ್ಜೆ ದೂರದ ಕುರ್ಚಿಯಲ್ಲಿ ಕೂರಿಸಿದೆ.

ಸಣ್ಣದನ್ನು ಹಚ್ಚಿ, "ಏನರ ಸದ್ದು ಐತೇನ್ರಿ?" ಎಂದೆ.

"ಇಲ್ಲ."

ದೊಡ್ಡದನ್ನು ಹಚ್ಚಿದೆ. ಫ್ಯಾನ್ ತಿರುಗತೊಡಗಿತು. "ಈಗ?"

"ಇದಕ್ಕೂ ಇಲ್ಲ. ಎರಡೂ ಒಂದ. ದೊಡ್ಡದ ತಗೋ, ಇರ್ಲಿ."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. "ಸರಿಯಾಗಿ ಕೇಳ್ರಿ," ಎಂದೆ. ಅವರು ಮಿಲ್ಲಿನ ಗೇಟಿನಲ್ಲಿ ನಿಲ್ಲುವ ಹಾಗೆಯೇ ತಲೆ ಸ್ವಲ್ಪ ಓರೆ ಮಾಡಿ ಕಣ್ಣು ಮುಚ್ಚಿದರು. ಫ್ಯಾನ್ ಒಂದೇ ಸಮನೆ ಸೊಂಯ್‌ಗುಡುತ್ತಿತ್ತು. ನನಗೆ ಅದರ ಹೊರತು ಬೇರೇನೂ ಕೇಳಿಸುತ್ತಿರಲಿಲ್ಲ.

"ಇಲ್ಲ ಅಂದ್ನಲ್ಲ," ಎಂದರು ಕಣ್ಣು ತೆರೆದು.

ನಾನು ಅವರಿಗೆ ಬೆನ್ನು ಮಾಡಿ ನಿಂತು, ವೈರು ಸುತ್ತುವವಳ ಹಾಗೆ ನಟಿಸುತ್ತ, ದಿನನಿತ್ಯದ ದನಿಯಲ್ಲಿ, "ಅನ್ನಕ್ಕ ಇಡ್ಲೇನು?" ಎಂದೆ. ಉತ್ತರವಿಲ್ಲ. ತಿರುಗಿ ಮುಖ ತೋರಿಸಿ ಅದೇ ಮಾತು ಕೇಳಿದೆ. "ಇಡು, ಜಲ್ದಿ ಆಗ್ತೈತಿ," ಎಂದರು. ಕ್ಲಿನಿಕ್ಕಿಗೆ ಬಂದ ಅದೆಷ್ಟೋ ಜನರಿಗೆ ಈ ಪರೀಕ್ಷೆ ಮಾಡಿದ್ದೇನೆ. ಮೂವತ್ತು ವರ್ಷ ಮಿಲ್ಲಿನ ಗದ್ದಲದಲ್ಲಿ ನಿಂತ ಇವರಿಗೇ ಮಾಡಿರಲಿಲ್ಲ. ನನ್ನ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು. ಬಾಗಿಲಲ್ಲೇ ಕಿವಿ ಅಳೆಯುವ ಜಾಣೆ ನಾನು, ದಿನವೂ ಪಕ್ಕದಲ್ಲೇ ಕೂತು ಊಟ ಮಾಡಿದರೂ ತಿಳಿದಿರಲಿಲ್ಲ.

ಸುಳ್ಳು ಹೇಳಿದೆ. "ಯಂತ್ರ ಈ ಬ್ಯಾಟರಿ ಮ್ಯಾಲೆ ಸರಿ ನಡೀತೈತೋ ಇಲ್ಲೋ ನೋಡಬೇಕು, ಹಂಗ ಕುಂತಿರ್ರಿ," ಎಂದು ಸಣ್ಣ ಪೆಟ್ಟಿಗೆಗೆ ಯಂತ್ರ ಹಚ್ಚಿ ಅವರಿಗೆ ಹೆಡ್‌ಫೋನ್ ಹಾಕಿ ಕೈಗೆ ಗುಂಡಿ ಕೊಟ್ಟೆ. ದಪ್ಪ ದನಿಗಳಿಗೆ ಸರಿಯಾಗಿ ಒತ್ತಿದರು. ಕೀರಲು ದನಿಗೆ ಬಂದೆ. ಅಲ್ಲಿಯೂ ಒತ್ತಿದರು. ಇನ್ನೂ ಸಣ್ಣಗೆ ಮಾಡಿದೆ. ಆಗಲೂ ಒತ್ತಿದರು. ಒಂದು ಗಳಿಗೆ ಎದೆ ಹಗುರಾಯಿತು. ಆಮೇಲೆ ಅನುಮಾನ ಬಂದು, ದನಿ ಬಿಡದೆ ಸುಮ್ಮನೆ ಬೆರಳು ಆಡಿಸಿದೆ. ಅದಕ್ಕೂ ಒತ್ತಿದರು. ಅವರು ಕೇಳುತ್ತಿರಲಿಲ್ಲ, ನನ್ನ ಬೆರಳು ನೋಡುತ್ತಿದ್ದರು.

ನಾನು ಎದ್ದು ಅವರ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದೆ. ಮತ್ತೆ ಮೊದಲಿನಿಂದ ಸುರು ಮಾಡಿದೆ. ಈ ಸಲ ಅವರ ಹೆಬ್ಬೆರಳು ಗುಂಡಿಯ ಮೇಲೆ ಬಹಳ ಹೊತ್ತು ಸುಮ್ಮನೆ ಇತ್ತು. ಪರದೆಯ ಮೇಲೆ ಗೆರೆ ಅರ್ಧದ ತನಕ ನೆಟ್ಟಗೆ ಬಂದು ಆಮೇಲೆ, ಕೀರಲು ದನಿಗಳ ಕಡೆ, ಕೆಳಕ್ಕೆ ಬಿತ್ತು. ಎರಡೂ ಕಿವಿಯದು ಒಂದೇ ಕಥೆ. ನಾನು ಹೆಡ್‌ಫೋನ್ ತೆಗೆದು ಎದುರಿಗೆ ಬಂದು ನಿಂತೆ.

"ಯಾವಾಗಿಂದ ಹಿಂಗ?" ಎಂದೆ.

"ನಾಕೈದು ವರ್ಷ ಆತು."

"ಮಿಲ್ಲಿನಾಗ ಹೆಂಗ ಮಾಡ್ತೀರಿ?"

"ಅಲ್ಲಿ ಎಲ್ಲಾರೂ ಒದರಿ ಒದರಿ ಮಾತಾಡ್ತಾರ, ತೊಂದ್ರಿ ಇಲ್ಲ. ಮಷೀನಿಗೆ ಅಂಗೈ ಇಟ್ಟು ನೋಡ್ತೀನಿ. ಬೇರಿಂಗ್ ಹೆಂಗೈತಿ ಅಂತ ಕೈಗೆ ತಿಳೀತೈತಿ. ಅವ್ರು ಇನ್ನೂ ಕಿವಿ ಅಂತಾನ ತಿಳ್ಕಂಡಾರ." ಇದನ್ನು ಹೇಳುವಾಗ ಅವರ ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ನನಗೂ ಮೆಚ್ಚುಗೆಯಾಯಿತು, ಸುಳ್ಳೇಕೆ ಹೇಳಲಿ.

"ಊರಿನೋರ ಕಿವಿ ಎಲ್ಲಾ ನಾ ನೋಡ್ತೀನಿ. ನನಗ ಒಂದು ಮಾತು ಹೇಳಬಾರದಾಗಿತ್ತೇನ್ರಿ?"

ಅವರು ಕೈಯಲ್ಲಿದ್ದ ಗುಂಡಿಯನ್ನು ಮೇಜಿನ ಮೇಲಿಟ್ಟರು.

"ನಿನ್ನ ಕರಕೊಂಡು ಹೋಗಾಕ ಕ್ಲಿನಿಕ್ಕಿಗೆ ಬರ್ತೀನಲ್ಲ, ಹೊರಗ ಕುಂತು ಎಲ್ಲಾ ನೋಡೀನಿ," ಎಂದರು. "ಒಳಗ ಹೋಗುವಾಗ ಗಂಡ ಹೆಂಡ್ತಿ ಹೋಗ್ತಾರ. ಚೀಟಿ ಹಿಡಕೊಂಡು ಹೊರಗ ಬರುವಾಗ ಅಕಿ ಒದರಾಕ ಹತ್ತಿರ್ತಾಳ, ಅವ ಸುಮ್ನ ತಲಿ ಅಲ್ಲಾಡಸ್ತಿರ್ತಾನ. ನೀನೂ ಹಂಗ. ಅವ್ರ ಜೋಡಿ ಗಟ್ಟಿಯಾಗಿ, ಒಂದೊಂದ ಮಾತು ಬಿಡಿಸಿ ಬಿಡಿಸಿ ಹೇಳ್ತಿ, ಕೂಸಿಗೆ ಹೇಳಿದಂಗ. ನನ್ನ ಜೋಡಿ ನೀ ಜಗಳಾನೂ ಮೆತ್ತಗ ಆಡ್ತಿ. ಅರ್ಧ ಕೇಳಸ್ತಿರ್ಲಿಲ್ಲ ಖರೆ. ಆದ್ರ ಅದೊಂದು ಹಂಗ ಇರ್ಲಿ ಅಂತ ಸುಮ್ನಿದ್ದೆ."

ನನ್ನ ಕೈಯಲ್ಲಾಗುವ ಕೆಲಸ ಇದು, ಇದಕ್ಕೆ ದಾರಿಯಿದೆ ಎಂದು ಗೊತ್ತಿತ್ತು. ಇಂಥವರಿಗೆಂದೇ ಕಿವಿಗೆ ಹಾಕುವ ಒಳ್ಳೆಯ ಯಂತ್ರಗಳಿವೆ. ಅವನ್ನು ಕೂರಿಸುವುದರಲ್ಲಿ ಈ ಜಿಲ್ಲೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಸಣ್ಣ ಪೆಟ್ಟಿಗೆಯನ್ನೇ ಇಟ್ಟುಕೊಂಡು ನಾಳೆ ದೊಡ್ಡದನ್ನು ವಾಪಸ್ ಕೊಡುವಾಗ ಇವರನ್ನೂ ಜೊತೆಗೆ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರಾಯಿತು. ಎಲ್ಲವನ್ನೂ ಒಂದೇ ಉಸಿರಿಗೆ ಯೋಚಿಸಿ ಮುಗಿಸಿದೆ.

"ನಾಳಿ. ಹತ್ತು ಗಂಟೆಗೆ. ಕ್ಲಿನಿಕ್ಕಿಗೆ ಬರ್ರಿ. ಕಿವಿಗೆ ಅಳತಿ ತಗೋಬೇಕು. ತಿಳೀತಾ?" ಎಂದೆ.

ಹೇಳಿ ಮುಗಿದ ಮೇಲೆ ನನ್ನ ದನಿ ನನಗೇ ಕೇಳಿಸಿತು. ಮುಚ್ಚಿದ ಕಿಟಕಿ, ನಿಂತ ಫ್ಯಾನು, ಆ ನಿಶ್ಶಬ್ದದಲ್ಲಿ ಅದು ಪಕ್ಕದ ಮನೆಗೂ ಕೇಳಿಸಿರಬೇಕು.

ಅವರು ತಲೆ ಅಲ್ಲಾಡಿಸಿದರು. "ಆತ್ರಿ ಮೇಡಂ," ಎಂದರು.

ನಾನು ಕುರ್ಚಿ ಎಳೆದುಕೊಂಡು ಅವರ ಮೊಣಕಾಲಿಗೆ ಮೊಣಕಾಲು ತಾಗುವಂತೆ ಎದುರಿಗೆ ಕುಳಿತೆ. ಅದೇ ಮಾತನ್ನು ಮತ್ತೆ ಹೇಳಿದೆ, ಮೆತ್ತಗೆ, ಜಗಳಾಡುವಾಗಿನ ದನಿಯಲ್ಲಿ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಎರಡು ಮಾತು ಅವರಿಗೆ ಸಿಗದೆ ತಪ್ಪಿಹೋದವು. ಏನು ಎಂದು ಹುಬ್ಬು ಏರಿಸಿದರು. ದನಿ ಏರಿಸದೆ ಇನ್ನೊಂದು ಸಲ ಹೇಳಿದೆ.