ಒಂದೊಂದು ಮಿಷನ್ನಿಗೆ ಒಂದೊಂದು ಚೀಟಿ

ಹುಲಿಯೂರುದುರ್ಗದ ತನುಶ್ರೀ ಗುಬ್ಬಿಯ ಒಂದು ಖಾಸಗಿ ನೀರು ಪರೀಕ್ಷಾ ಲ್ಯಾಬಿನಲ್ಲಿ ಟೆಕ್ನಿಷಿಯನ್. ಓದಿದ್ದು ಕೆಮಿಸ್ಟ್ರಿ, ಪ್ರೋಗ್ರಾಂ ಬರೆಯುವುದನ್ನು ತಾನಾಗಿಯೇ ಕಲಿತವಳು. ಲ್ಯಾಬಿನ ಪಂಪು, ತಕ್ಕಡಿ, ಫ್ಲೋರೈಡ್ ಮೀಟರ್ ಮೂರೂ ಬೇರೆ ಬೇರೆ ಕಂಪನಿಯವು. ಅವನ್ನೆಲ್ಲ ಒಂದೇ ಕಂಪ್ಯೂಟರಿನಿಂದ ನಡೆಸುವ ಸಾಫ್ಟ್‌ವೇರನ್ನು ಎಂಟು ತಿಂಗಳು ಕೂತು ಬರೆದಿದ್ದಳು.

ಒಂದು ಸೋಮವಾರ ಮೀಟರ್ ಕೆಟ್ಟಿತು. ಅದರ ಜಾಗಕ್ಕೆ ಇನ್ನೊಂದು ಕಂಪನಿಯ ಮೀಟರ್ ಬಂದಾಗ ಸಾಫ್ಟ್‌ವೇರ್ ನಿಂತೇಹೋಯಿತು. ಹಳೆಯ ಮೀಟರಿಗೆ ಕೊಡುವ ಆಜ್ಞೆಗಳನ್ನು ಪ್ರತಿಯೊಂದು ಪರೀಕ್ಷೆಯ ಪ್ರೋಗ್ರಾಮಿನೊಳಗೂ ಅವಳು ಸೇರಿಸಿಬಿಟ್ಟಿದ್ದಳು. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಕೆಡುತ್ತಿತ್ತು.

ಉಪಕರಣಗಳ ರಿಪೇರಿಗೆಂದು ತುಮಕೂರಿನಿಂದ ಬರುತ್ತಿದ್ದ ಪುಟ್ಟರಂಗಯ್ಯನವರಿಗೆ ಅರವತ್ತು ದಾಟಿತ್ತು. ಕಂಪ್ಯೂಟರ್ ಮುಟ್ಟಿದವರಲ್ಲ. ಅವಳ ಮುಖ ನೋಡಿ ಪಕ್ಕದಲ್ಲಿ ಕೂತರು.

“ಏನಾಯ್ತಮ್ಮ?”

“ಮೀಟ್ರು ಬದಲಾದಾಗೆಲ್ಲ ಮೊದಲಿಂದ ಬರೀಬೇಕು ಸಾರ್. ನನ್ ಕೈಲಿ ಆಗಲ್ಲ ಅನ್ಸುತ್ತೆ.”

“ನೀರಲ್ಲಿ ಫ್ಲೋರೈಡ್ ಎಷ್ಟೈತೆ ಅಂತ ಕೇಳೋದು ಎಲ್ಲಾ ಮೀಟ್ರಿಗೂ ಒಂದೇ ಕಣಮ್ಮ. ಯಾವ ಬಟನ್ ಒತ್ತಬೇಕು ಅನ್ನೋದಷ್ಟೇ ಬೇರೆ. ನಾನು ಅದನ್ನ ಬರ್ದು ಒಂದೊಂದು ಮಿಷನ್ನಿಗೂ ಒಂದೊಂದು ಚೀಟಿ ಮಡಗಿದೀನಿ. ಮಿಷನ್ ಬದಲಾದ್ರೆ ಚೀಟಿ ಬದಲಾಯ್ಸೋದು.”

ತನುಶ್ರೀ ಕುರ್ಚಿಯನ್ನು ಅವರ ಕಡೆಗೆ ತಿರುಗಿಸಿಕೊಂಡಳು. ಆಮೇಲೆ, “ಆ ಚೀಟಿಗಳನ್ನ ನಂಗೆ ತೋರಿಸ್ತೀರಾ ಸಾರ್?” ಎಂದಳು.

ಮರುದಿನ ಅವರು ನಲವತ್ತು ವರ್ಷದ ಚೀಟಿಗಳನ್ನೆಲ್ಲ ಬ್ಯಾಗಿನಲ್ಲಿ ತುಂಬಿಕೊಂಡು ಬಂದರು. ಯಾವ ಪಂಪು ಶುರುವಾಗಲು ತಡಮಾಡುತ್ತದೆ, ಯಾವ ತಕ್ಕಡಿ ಫ್ಯಾನಿನ ಗಾಳಿಗೆ ತಪ್ಪು ತೂಕ ತೋರಿಸುತ್ತದೆ, ಎಲ್ಲವನ್ನೂ ಬಿಡಿಸಿ ಹೇಳಿದರು.

ಅವಳು ಸಾಫ್ಟ್‌ವೇರನ್ನು ಹೊಸದಾಗಿ ಬರೆದಳು. ಪರೀಕ್ಷೆಯ ಭಾಗ ‘ನೀರು ಬಿಡು’, ‘ತೂಗು’, ‘ಅಳೆ’ ಎಂದಷ್ಟೇ ಹೇಳುತ್ತಿತ್ತು. ಅದನ್ನು ಆಯಾ ಉಪಕರಣಕ್ಕೆ ತಿಳಿಯುವಂತೆ ಹೇಳಲು ಒಂದೊಂದಕ್ಕೂ ಪ್ರತ್ಯೇಕವಾದ ಚಿಕ್ಕ ಫೈಲು. ಹೊಸ ಮೀಟರಿಗಾಗಿ ಒಂದೇ ಒಂದು ಫೈಲು ಸೇರಿಸಿದಳು. ಅದು ಮೊದಲ ಸಲಕ್ಕೇ ಸರಿಯಾದ ಅಳತೆ ಕೊಟ್ಟಿತು.

ಮುಂದಿನ ತಿಂಗಳು ಕುಣಿಗಲ್ಲಿನ ಇನ್ನೊಂದು ಲ್ಯಾಬಿನವರು ಅದೇ ಸಾಫ್ಟ್‌ವೇರ್ ಹಾಕಿಸಿಕೊಳ್ಳಲು ಅವಳನ್ನು ಕರೆಸಿಕೊಂಡರು. ಅಲ್ಲಿ ಒಂದು ಉಪಕರಣವೂ ಗುಬ್ಬಿಯದರಂತೆ ಇರಲಿಲ್ಲ. ಪುಟ್ಟರಂಗಯ್ಯನವರೂ ಜೊತೆಗೆ ಹೋದರು. ಅವರ ಚೀಟಿ ನೋಡಿ ಅವಳು ಒಂದೊಂದಕ್ಕೂ ಫೈಲು ಬರೆದಳು; ಸಂಜೆಯೊಳಗೆ ಎಲ್ಲವೂ ನಡೆಯತೊಡಗಿದವು. ಮೊದಲು ಪರೀಕ್ಷಿಸಿದ್ದು ಒಂದು ಹಳ್ಳಿ ಶಾಲೆಯ ಬೋರ್‌ವೆಲ್ ನೀರು. ಫ್ಲೋರೈಡ್ ಮಿತಿ ಮೀರಿತ್ತು. ಮರುದಿನದಿಂದಲೇ ಶಾಲೆಯವರು ಮಕ್ಕಳಿಗೆ ಬೇರೆ ಕಡೆಯ ನೀರು ತರಿಸತೊಡಗಿದರು. ಶಾಲೆಯ ಮೇಡಂ ಫೋನ್ ಮಾಡಿ ತನುಶ್ರೀಗೆ ಕೃತಜ್ಞತೆ ಹೇಳಿದರು.

ಆ ವಾರವೇ ಅವಳು ಸಾಫ್ಟ್‌ವೇರಿನ ಮೊದಲ ಪುಟದಲ್ಲಿ ತನ್ನ ಹೆಸರಿಗಿಂತ ಮೇಲೆ ಪುಟ್ಟರಂಗಯ್ಯನವರ ಹೆಸರು ಹಾಕಿ ಅವರಿಗೆ ತೋರಿಸಿದಳು.

“ನಾನೇನ್ ಮಾಡ್ದೆ, ಬುಡಮ್ಮ” ಎಂದರು ಅವರು.

“ನೀವು ಹೇಳ್ಕೊಡದೆ ಹೋಗಿದ್ರೆ ನಾನು ಇದನ್ನ ಅವತ್ತೇ ಕೈಬಿಡ್ತಿದ್ದೆ ಸಾರ್.”

ಅವರು ಕನ್ನಡಕ ಹಾಕಿಕೊಂಡು ತಮ್ಮ ಹೆಸರನ್ನು ಮತ್ತೊಮ್ಮೆ ಓದಿಕೊಂಡರು. “ಇದ್ರದ್ದೊಂದು ಫೋಟೊ ತೆಗ್ದುಕೊಡಮ್ಮ, ಮನೇಲಿ ತೋರುಸ್ತೀನಿ” ಎಂದರು.