ಈರಣ್ಣನನ್ನು ಬಿಟ್ಟು ಬಂದ ಬಾಗಿಲು

...ಆ ಬಾಗಿಲು ಹಸಿರಾಗಿತ್ತು ಎಂದು ಇಪ್ಪತ್ತಾರು ವರ್ಷ ಹೇಳಿಕೊಂಡು ಬಂದಿದ್ದೇನೆ. ಆದರೆ ಹಸಿರು ಬಾಗಿಲು ಇದ್ದದ್ದು ಜಮಖಂಡಿಯಲ್ಲಿ ನಾವು ಆಡುತ್ತಿದ್ದ ಮೈದಾನಕ್ಕೆ. ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದ ಬಾಗಿಲುಗಳಿಗೆ ಆ ದಿನ ಯಾವ ಬಣ್ಣವಿತ್ತೋ ನೆನಪಿಲ್ಲ. ಆಮೇಲೆ ಒಮ್ಮೆ ಹೋಗಿ ನೋಡಿದೆ. ಹೊಸ ಬಣ್ಣ ಬಳಿದಿದ್ದರು, ಅಥವಾ ಮೊದಲಿನಿಂದಲೂ ಅದೇ ಇತ್ತು. ಇಂಥ ನೆನಪನ್ನು ಇಟ್ಟುಕೊಂಡು ನಾನು ಸಾಕ್ಷಿ ಹೇಳಲು ಹೊರಟಿದ್ದೆ.

ಬನಹಟ್ಟಿಯಿಂದ ಬೆಳಿಗ್ಗೆ ಏಳಕ್ಕೆ ಹೊರಟೆ. ಕಾರ್ತಿಕದ ಚಳಿ, ಓಣಿಯಲ್ಲಿ ಆಗಲೇ ಮಗ್ಗಗಳ ಸದ್ದು. ಹಿಂದಿನ ದಿನ ಬೀಳಗಿಯಿಂದ ಶಾಂತವ್ವ ಫೋನು ಮಾಡಿದ್ದಳು. ಅವಳು ನನ್ನ ಗೆಳೆಯ ಈರಣ್ಣನ ತಂಗಿ. ಮಗಳ ಮದುವೆ ಗೊತ್ತಾಗಿತ್ತು. ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರು ಬರಬೇಕು. ನಮ್ಮಲ್ಲಿ ಬದುಕಿದವರ ಹೆಸರಿಗೆ ಮೊದಲು ‘ಶ್ರೀ’ ಹಾಕುತ್ತಾರೆ, ತೀರಿಕೊಂಡವರ ಹೆಸರಿಗೆ ‘ಲಿಂ.’ ಹಾಕುತ್ತಾರೆ.

“ನಾಳೆ ಸಂಜಿ ಐದಕ್ಕ ಪ್ರೆಸ್ಸಿನಾಂವ ಛಾಪಾಕ ಹಾಕ್ತಾನಂತ, ಶಿವಣ್ಣ,” ಅಂದಳು. “ಏನ ಹಾಕ್ಲಿ ಅಂತ ನೀವು ಮೂರೂ ಮಂದಿ ಕೂಡಿ ಹೇಳ್ರಿ. ಕಡೀಕ ನೋಡಿದವ್ರು ನೀವ.”

ಇಪ್ಪತ್ತಾರು ವರ್ಷದ ಹಿಂದೆ ನಾವು ನಾಲ್ವರು ಒಂದೇ ಕಾಲೇಜು ತಂಡದಲ್ಲಿ ಆಡುತ್ತಿದ್ದೆವು: ನಾನು, ಜಮಖಂಡಿಯ ಬಸವರಾಜ, ಮುಧೋಳದ ಸಂಗಪ್ಪ, ಮತ್ತು ಗೋಲು ಕಾಯುವ ಈರಣ್ಣ. ದೇಶದ ಅತಿ ದೊಡ್ಡ ಫುಟ್‌ಬಾಲ್ ಕ್ರೀಡಾಂಗಣವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಮೀರಜ, ಪುಣೆ ಹಾದು ಹೌರಾ ತಲುಪಿದ್ದೆವು. ಮೂರು ಅಂತಸ್ತು, ಲಕ್ಷಕ್ಕೂ ಹೆಚ್ಚು ಜನ ಕೂಡುತ್ತಿದ್ದ ಕಾಲ. ಜಮಖಂಡಿಯ ಮೈದಾನಕ್ಕೆ ಒಂದೇ ಬಾಗಿಲು. ಪಂದ್ಯದ ಗದ್ದಲದಲ್ಲಿ ಯಾರಾದರೂ ತಪ್ಪಿಸಿಕೊಂಡರೆ ಬಾಗಿಲಲ್ಲಿ ನಿಲ್ಲಬೇಕು ಎಂಬುದು ನಮ್ಮ ಕರಾರು. ಕೋಲ್ಕತ್ತದಲ್ಲೂ ಅದನ್ನೇ ಹೇಳಿಕೊಂಡೆವು. ಬಾಗಿಲು ಎಂದರೆ ಒಂದು ಎಂದೇ ತಿಳಿದಿದ್ದೆವು. ಅರ್ಧ ಆಟಕ್ಕೆ ನೀರು ತರಲು ಎದ್ದ ಈರಣ್ಣ ತಿರುಗಿ ಬರಲಿಲ್ಲ. ಆಟ ಮುಗಿದ ಮೇಲೆ ಒಂದು ಬಾಗಿಲಲ್ಲಿ ನಿಂತು ನೋಡಿದೆವು. ಅಂಥವೇ ಬಾಗಿಲುಗಳು ಗೋಡೆಯ ಸುತ್ತಲೂ ಇದ್ದವು. ರೈಲಿನ ಹೊತ್ತಾಗಿತ್ತು. ಅವನ ಟಿಕೆಟ್ ಅವನ ಕಿಸೆಯಲ್ಲಿದೆ, ನೇರ ಹೌರಾಕ್ಕೆ ಬರುತ್ತಾನೆ ಎಂದುಕೊಂಡು ಬಸ್ಸು ಹತ್ತಿದೆವು. ಅವನು ಹೌರಾಕ್ಕೂ ಬರಲಿಲ್ಲ, ಊರಿಗೂ ಬರಲಿಲ್ಲ.

ಅಲ್ಲಿಂದಾಚೆ ನಾನು ಕೊಚ್ಚಿ, ದೆಹಲಿ, ಗುವಾಹಟಿ, ಮಡಗಾಂವಿನ ಕ್ರೀಡಾಂಗಣಗಳನ್ನೂ ನೋಡಿ ಬಂದು ಲೇಖನ ಬರೆದೆ. ಹುಲ್ಲಿನ ಬಗ್ಗೆ, ದೀಪದ ಕಂಬಗಳ ಬಗ್ಗೆ, ಕೊಚ್ಚಿಯಲ್ಲಿ ಆಸನಗಳ ಕೆಳಗೇ ಇರುವ ಅಂಗಡಿಗಳ ಬಗ್ಗೆ ನೀವು ಓದಿರಬಹುದು. ಪ್ರತಿಯೊಂದರಲ್ಲೂ ಮೊದಲು ಹೊರಗೋಡೆಯ ಗುಂಟ ಪೂರ್ತಿ ಸುತ್ತು ನಡೆದು ಬಾಗಿಲು ಎಣಿಸಿದ್ದನ್ನು ಮಾತ್ರ ಬರೆಯಲಿಲ್ಲ. ಎರಡನೇ ಸುತ್ತಿನ ಎಣಿಕೆ ಮೊದಲನೆಯದಕ್ಕೆ ಒಮ್ಮೆಯೂ ಹೊಂದಲಿಲ್ಲ.

ಬನಹಟ್ಟಿಯಿಂದ ಜಮಖಂಡಿಗೆ ಮುಕ್ಕಾಲು ತಾಸಿನ ಹಾದಿ. ಅಂದು ಒಂದೂಕಾಲು ತಾಸು ಹಿಡಿಯಿತು, ಏಕೆಂದರೆ ಮುಂದೆ ಎರಡೆರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳ ಸಾಲಿತ್ತು. ಟಿಕೆಟ್ ಮೂವತ್ತು ರೂಪಾಯಿ, ಕೂಡಲು ಜಾಗವಿಲ್ಲ. ಬಸವರಾಜನ ಪಂಪ್‌ಸೆಟ್ ಅಂಗಡಿ ಆಗಷ್ಟೇ ತೆರೆದಿತ್ತು.

“ಬಾರಲೇ ಶಿವ್ಯಾ. ಈ ಸಲ ಯಾವ ಸ್ಟೇಡಿಯಂ? ನಮ್ಮ ಅಂಗಡಿ ಹಿಂದ ಒಂದ ಐತಿ, ಹಂದಿ ಆಡತಾವ.”

ಬಂದ ಕೆಲಸ ಹೇಳಿದೆ. ಅವನು ಚಹಾಕ್ಕೆ ಹೇಳುವುದನ್ನೂ ಮರೆತು ಕೂತ.

“ಬಾಗಲಕ ನಿಲ್ಲು ಅಂತ ಅಂವಗ ಅಂದಾಂವ ನೀನ,” ಅಂದ. “ನಿನ್ನ ದನಿ ಇನ್ನೂ ಕೇಳಸ್ತೈತಿ ನನಗ.”

“ಯಾವಾಗ ಅಂದೆ? ಒಳಗ ಹೋಗೂ ಮುಂದನೋ, ಅಂವ ನೀರಿಗೆ ಏಳೂ ಮುಂದನೋ?”

“ಅದು ಗೊತ್ತಿಲ್ಲ. ದನಿ ಗೊತ್ತೈತಿ,” ಅಂದ. “ಲಿಂ. ಹಾಕಂತ ಹೇಳು ಆಕಿಗೆ. ಮದಿವಿ ಮನ್ಯಾಗ ಮಂದಿ ಮಾವ ಎಲ್ಲಿ ಅಂತ ಕೇಳಬಾರ್ದು. ಬೇಕಂದ್ರ ಸಂಗ್ಯಾನ್ನ ಕೇಳು, ಬಸ್ಸಿನ್ಯಾಗ ಕಿಟಕಿ ಕಡೆ ಕುಂತಾಂವ ಅಂವ.”

ಹೇಳಿದ್ದು ನಾನೇ ಎಂದು ನನಗೂ ಅನ್ನಿಸುತ್ತದೆ. ಆದರೆ ಅದು ನನ್ನ ನೆನಪೋ, ಬಸವರಾಜ ವರ್ಷಕ್ಕೊಮ್ಮೆ ಹೇಳಿ ಹೇಳಿ ನನ್ನೊಳಗೆ ಇಟ್ಟದ್ದೋ ತಿಳಿಯದು.

ಮುಧೋಳಕ್ಕೆ ಇನ್ನೊಂದು ತಾಸು. ಬಿಸಿಲೇರಿತ್ತು, ಧೂಳಿಗೆ ಗಂಟಲು ಕಟ್ಟಿತ್ತು. ಬಸ್‌ಸ್ಟ್ಯಾಂಡಿನ ಎದುರು ಒಂದು ಪ್ಲೇಟ್ ಗಿರಮಿಟ್ ತಿನ್ನಲು ಕೂತು ಅರ್ಧಕ್ಕೆ ಬಿಟ್ಟೆ. ಸಂಗಪ್ಪ ಊರ ಹೊರಗಿನ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಗಾಡಿಗಳನ್ನು ತೂಗುವ ಕಾಟಾದ ಗುಮಾಸ್ತ. ಸಣ್ಣ ಕಿಟಕಿಯಿಂದ ಚೀಟಿ ಕೊಡುತ್ತಲೇ ನನ್ನ ಮಾತು ಕೇಳಿಸಿಕೊಂಡ. ಆಮೇಲೆ ಇನ್ನೊಬ್ಬನನ್ನು ಕೂರಿಸಿ ಹೊರಗೆ ಬಂದ.

“ಕಿಟಕಿ ಕಡೆ ಕುಂತಿದ್ದೆ, ಖರೆ,” ಅಂದ. “ಬಸ್ಸ ತಿರುವಿನ್ಯಾಗ ಹೊಳ್ಳಿದಾಗ ಒಂದ ಬಾಗಲ ಕಂಡಿತು. ನೀಲಿ ಅಂಗಿ ಹಾಕ್ಕೊಂಡಾಂವ ಒಬ್ಬ ಕೈ ಕಟಗೊಂಡ ನಿಂತಿದ್ದ. ಚಂಡು ಆ ಕಡೆ ಇದ್ದಾಗ ಗೋಲಿನ್ಯಾಗ ಈರ್‍ಯಾ ನಿಲ್ಲತಿದ್ದ ನೋಡು, ಹಂಗ.”

ಇಪ್ಪತ್ತಾರು ವರ್ಷದಲ್ಲಿ ಅವನು ಈ ಮಾತು ಆಡಿದ್ದು ಅದೇ ಮೊದಲು.

“ಅವಾಗ ಯಾಕ ಹೇಳಲಿಲ್ಲೋ?”

“ಟ್ರೇನ್ ತಪ್ಪತಿತ್ತು. ಬರ್ತಾನ ಬಿಡು ಅಂದ್ಕೊಂಡೆ. ಆಮ್ಯಾಲ ಅವರಪ್ಪ ಫೋಟೋ ಹಿಡಕೊಂಡು ಎರಡ ಸಲ ಕಲ್ಕತ್ತಾಕ್ಕ ಹೋಗಿ ಬಂದ್ರು. ಅವಾಗ ಹೆಂಗ ಹೇಳ್ಲಿ?”

“ಅಂವನ ಹೌದೇನು?”

“ದಿನಾ ಕಾಣತೈತಿ. ಖರೇನ ಕಂಡದ್ದು ಎಷ್ಟು, ಆಮ್ಯಾಲ ನಾ ಕಟಗೊಂಡದ್ದು ಎಷ್ಟು, ತಿಳೀವಲ್ದು.” ಹಿಂದೆ ಟ್ರ್ಯಾಕ್ಟರುಗಳು ಹಾರ್ನು ಹೊಡೆಯತೊಡಗಿದ್ದವು. “ಆಕಿಗೆ ನೀನ ಹೇಳು. ನನಗ ಆಕಿ ಮುಂದ ನಿಲ್ಲಾಕ ಆಗೂದಿಲ್ಲ.”

ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಎರಡು ತಾಸು ಕಾದ ಮೇಲೆ ಸಿಕ್ಕ ಬೀಳಗಿಯ ಬಸ್ಸಿನಲ್ಲಿ ಕೂತು, ಸಂಗಪ್ಪ ಕಂಡದ್ದನ್ನು ನಾನೂ ಕಾಣಲು ಯತ್ನಿಸಿದೆ. ಹತ್ತು ನಿಮಿಷದಲ್ಲಿ ನೀಲಿ ಅಂಗಿ ನನಗೂ ಕಂಡಿತು, ಮಡಚಿದ ತೋಳುಗಳ ಸಮೇತ. ನೆನಪು ಎಷ್ಟು ಸುಲಭವಾಗಿ ತಯಾರಾಗುತ್ತದೆಂದು ಹೆದರಿಕೆಯಾಯಿತು.

ಬೀಳಗಿ ಮುಟ್ಟಿದಾಗ ನಾಲ್ಕು ಹೊಡೆದಿತ್ತು. ಶಾಂತವ್ವ ಮೊದಲು ಊಟಕ್ಕೆ ಕೂರಿಸಿದಳು: ಬಿಸಿ ರೊಟ್ಟಿ, ಎಣಗಾಯಿ, ಮೊಸರು. ಮದುವೆಯ ಹುಡುಗಿ ಸುಮಾ ಪತ್ರಿಕೆಯ ಕರಡನ್ನು ತಂದು ಮುಂದಿಟ್ಟಳು. ಈರಣ್ಣನ ಹೆಸರಿಗೆ ಮೊದಲು ಒಂದು ಬೆರಳಿನಷ್ಟು ಜಾಗ ಖಾಲಿ ಇತ್ತು. ನಾನು ಎಲ್ಲ ಹೇಳಿದೆ: ಬಾಗಿಲ ಮಾತು ನನ್ನದೆಂದು ಬಸವರಾಜ ಅಂದದ್ದು, ಸಂಗಪ್ಪ ಕಂಡದ್ದು, ಕಂಡು ಸುಮ್ಮನಿದ್ದದ್ದು.

ಶಾಂತವ್ವ ಕರಡನ್ನು ಎತ್ತಿ ತನ್ನ ಕಡೆ ತಿರುಗಿಸಿಕೊಂಡಳು.

“ನೀಲಿ ಅಂಗಿ ನಮ್ಮಣ್ಣನ ಹಂತ್ಯಾಕ ಇರಲೇ ಇಲ್ಲ,” ಅಂದಳು. “ಅವನ ಅರಿವಿ ಎಲ್ಲಾ ನಾನ ಒಗೀತಿದ್ದೆ.”

ನಾವು ನಾಲ್ವರೂ ಒಬ್ಬರ ಅಂಗಿ ಒಬ್ಬರು ಹಾಕಿಕೊಳ್ಳುತ್ತಿದ್ದೆವು. ಅದನ್ನು ಹೇಳಲು ಬಾಯಿ ತೆರೆದೆ. ಆದರೆ ಆ ದಿನ ನನ್ನ ಮೈಮೇಲೆ ಯಾವ ಅಂಗಿ ಇತ್ತೆಂದೇ ನನಗೆ ಗೊತ್ತಿರಲಿಲ್ಲ. ಆದರೂ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡಳು.

“ಅವ್ವಾ, ಮಾವನ ಹೆಸರ ಬಿಟ್ಟಬಿಡೂನ ಬೇ,” ಅಂದಳು ಸುಮಾ, ಮೆಲ್ಲಗೆ. “ಯಾರೂ ಏನೂ ಅನ್ನೂದಿಲ್ಲ.”

“ಇವ್ರು ಮೂರು ಮಂದಿ ಒಂದ ಸಲ ಬಿಟ್ಟ ಬಂದಾರ. ಇನ್ನ ನಾನೂ ಬಿಡ್ಲೆನ?”

ಫೋನು ಬಂತು, ಪ್ರೆಸ್ಸಿನವನದು. ಸುಮಾ ಸ್ಪೀಕರಿಗೆ ಹಾಕಿದಳು.

“ಅಕ್ಕಾರ, ಮಷೀನ್ ಚಾಲೂ ಮಾಡೀನ್ರಿ. ಶ್ರೀ ಏನ್ರಿ, ಲಿಂ. ಏನ್ರಿ?”

ಶಾಂತವ್ವ ನನ್ನನ್ನು ನೋಡಿದಳು. ಅದಕ್ಕೆಂದೇ ಮೂರು ಊರು ದಾಟಿ ಬಂದಿದ್ದೆ. ನಾನು ಕರಡಿನ ಖಾಲಿ ಜಾಗವನ್ನೇ ನೋಡುತ್ತ ಕೂತೆ.

“ಎರಡೂ ಬ್ಯಾಡ,” ಅಂದಳು ಶಾಂತವ್ವ ಫೋನಿಗೆ. “ಬರೇ ಹೆಸರ ಹಾಕ್ರಿ.”

“ಬರೇ ಹೆಸರ ಛಲೋ ಕಾಣೂದಿಲ್ರಿ ಅಕ್ಕಾರ. ಎಲ್ಲಾರಿಗೂ ಐತಿ, ಅವರೊಬ್ಬರಿಗೆ ಇಲ್ಲಂದ್ರ ಮಂದಿ ತಪ್ಪ ಅಂತಾರ.”

“ತಪ್ಪ ಐತಿ, ಅದಕ್ಕ ಹಂಗ ಇರಲಿ. ಹಾಕ್ರಿ.”

ಐದೂವರೆಯ ಬಸ್ಸಿಗೆ ಹೊರಟೆ. ಶಾಂತವ್ವ ಬಾಗಿಲ ತನಕ ಬರಲಿಲ್ಲ, ಒಳಗಿನಿಂದಲೇ “ಹೋಗಿ ಬಾ” ಅಂದಳು. ಮದುವೆಗೆ ಬನ್ನಿ ಎಂದು ಸುಮಾ ಮಾತ್ರ ಎರಡು ಸಲ ಹೇಳಿದಳು. ಕಿಟಕಿಯ ಸೀಟು ಸಿಕ್ಕಿತು, ಆದರೆ ನಾನು ಹೊರಗೆ ನೋಡಲಿಲ್ಲ.

ಆ ಸಂಜೆ ಬಾಗಿಲಲ್ಲಿ ನಿಂತಿದ್ದವನು ಈರಣ್ಣನೋ ಬೇರೆ ಯಾರೋ, ನನಗೆ ಗೊತ್ತಿಲ್ಲ. ಅವನೇ ಆಗಿದ್ದರೆ, ನಮ್ಮ ಬಸ್ಸು ಹೋದ ಮೇಲೆ ಎಷ್ಟು ಹೊತ್ತು ಅಲ್ಲಿ ನಿಂತ ಎಂಬುದೂ ಗೊತ್ತಿಲ್ಲ.